ಒಳಗೆ ಗಂಧ ಇರಲಿಲ್ಲ

ಐದಾರು ವರ್ಷದ ಹಿಂದೆ ಪ್ರವಾಸಕ್ಕೆ ಹೋದಾಗ ಒಂದು ಪುಟ್ಟ ಗಣಪತಿ ಕೊಂಡಿದ್ದೆ. ಅಂಗಡಿಯವನು ಅಪ್ಪಟ ಶ್ರೀಗಂಧ ಅಂದ. ಮೂಗಿಗೆ ಹಿಡಿದೆ, ಘಮ್ ಅಂತು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಘಮ ಪೂರ್ತಿ ಮಾಯ.

ಕಳೆದ ತಿಂಗಳು ಸಾಗರಕ್ಕೆ ಹೊರಟಾಗ ಸುಮ್ನೆ ಅದನ್ನೂ ಬ್ಯಾಗಿಗೆ ಹಾಕಿಕೊಂಡೆ. ಸಾಗರ, ಸೊರಬದ ಗುಡಿಗಾರರು ತಲೆತಲಾಂತರದಿಂದ ಗಂಧ ಕೆತ್ತುವವರು. ಪರಿಚಯದವರೊಬ್ಬರು ಅಲ್ಲಿನ ಹಿರಿಯ ಕೆತ್ತನೆಗಾರರ ಮನೆಗೆ ಕರೆದೊಯ್ದರು.

ಜಗಲಿಯಲ್ಲಿ ಚಾಪೆ, ಮುಂದೆ ಸಾಲಾಗಿ ಉಳಿಗಳು. ಕೆಲವಂತೂ ದಬ್ಬಣದಷ್ಟು ಸಣ್ಣ. ಯಜಮಾನರು ನನ್ನ ಗಣಪತಿಯನ್ನು ತಲೆಕೆಳಗು ಮಾಡಿ, ಪೀಠದ ಅಡಿಯಲ್ಲಿ ಉಳಿಯಿಂದ ಚೂರು ಕೆರೆದರು.

"ಮೂಸಿ ನೋಡಿ."

ಬರೀ ಮರದ ವಾಸನೆ.

"ಯಾವುದೋ ಬಿಳಿ ಮರ ಮಾರಾಯ್ರೆ. ಮೇಲೆ ಎಣ್ಣೆ ಸವರಿದ್ದಾರೆ, ಅಷ್ಟೆ."

ಆಮೇಲೆ ಒಳಗಿಂದ ಕಪ್ಪಗಾದ ಒಂದು ಕುಂಕುಮದ ಭರಣಿ ತಂದರು. ಅವರಪ್ಪ ಕೆತ್ತಿದ್ದಂತೆ. ಮೂಸಿದರೆ ಏನೂ ಇಲ್ಲ. ಅಡಿಭಾಗವನ್ನು ಉಪ್ಪುಕಾಗದದಲ್ಲಿ ಎರಡು ಸಲ ಉಜ್ಜಿ ಕೊಟ್ಟರು. ಈಗ ಬಂತು ನೋಡಿ! ಎಣ್ಣೆಯ ಘಾಟಲ್ಲ, ಮೆತ್ತಗಿನ, ಹಾಲಿನಂಥ ಘಮ.

ಗಂಧದ ಮರದಲ್ಲೂ ಹೊರಗಿನ ಬಿಳಿ ಭಾಗಕ್ಕೆ ವಾಸನೆ ಇಲ್ಲ. ಪರಿಮಳ ಇರೋದು ಒಳಗಿನ ತಿರುಳಿನಲ್ಲಿ, ಬೇರಿನಲ್ಲಿ ಇನ್ನೂ ಜಾಸ್ತಿ. ಅದಕ್ಕೇ ಆ ಮರವನ್ನು ಕಡಿಯೋದಿಲ್ಲ, ಬೇರುಸಮೇತ ಕೀಳುತ್ತಾರೆ. ನಮ್ಮಜ್ಜ ಬೇಲಿಯಲ್ಲಿ ಗಂಧದ ಸಸಿ ಕಂಡರೆ ಚಿಕ್ಕದಿರುವಾಗಲೇ ಕಿತ್ತೆಸೆಯುತ್ತಿದ್ದರು. ನಮ್ಮ ಜಮೀನಿನಲ್ಲಿ ಬೆಳೆದರೂ ಮರ ಸರ್ಕಾರದ್ದು, ಕಳ್ಳರು ಕಡಿದರೆ ತಲೆನೋವು ನಮ್ಮದು. 2001ರಲ್ಲಿ ಕಾನೂನು ತಿದ್ದಿ ಮರ ಜಮೀನಿನವರದ್ದೇ ಅಂತ ಮಾಡಿದರು. ಅಷ್ಟರಲ್ಲಿ ಅಜ್ಜನೂ ಇರಲಿಲ್ಲ, ಸಸಿಗಳೂ ಇರಲಿಲ್ಲ. ಗಂಧ ಸಿಗೋದು ಕಷ್ಟವಾಗಿ ಈಗ ಯಜಮಾನರು ಹೆಚ್ಚಾಗಿ ಶಿವನೆ ಮರದಲ್ಲೇ ಕೆತ್ತುತ್ತಾರಂತೆ.

ಅವತ್ತು ಮಾತ್ರ ಕೈಯಲ್ಲಿ ಗಂಧದ ತುಂಡಿತ್ತು. ಮಾತಾಡುತ್ತಲೇ ಒಂದು ಬಳ್ಳಿಯ ಎಲೆ ಬಿಡಿಸಿದರು. ಉದುರಿದ ಪುಡಿ, ಚಕ್ಕೆ ಎಲ್ಲ ಮಡಿಲಿನ ಬಟ್ಟೆಗೆ. ಕೊನೆಗೆ ಅದನ್ನು ಒಂದು ಚೂರೂ ಬಿಡದೆ ಡಬ್ಬಿಗೆ ಕೊಡವಿದರು. ಊದುಬತ್ತಿಯವರು ಕೊಳ್ಳುತ್ತಾರಲ್ಲ.

"ದಿನವಿಡೀ ಇದೇ ಪರಿಮಳ, ಪುಣ್ಯವಂತರು ನೀವು" ಅಂದೆ.

"ನಮಗೆಲ್ಲಿ ಗೊತ್ತಾಗ್ತದೆ? ನಾಲ್ಕು ದಿನ ಎಲ್ಲಾದ್ರೂ ಹೋಗಿ ಬಂದ್ರೆ ಬಾಗಿಲಲ್ಲಿ ಒಂದು ಗಳಿಗೆ ಬರ್ತದೆ."

ಹೊರಡುವಾಗ ನನ್ನ ಗಣಪತಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. "ಮರ ಸುಳ್ಳು. ಆದ್ರೆ ಸೊಂಡಿಲು ನೋಡಿ, ಒಳ್ಳೆ ಕೈ. ಇಟ್ಕೊಳ್ಳಿ."