ಪ್ರಖರ್ 404, ನಮ್ಮ ಹೆಡ್ಡಿಂಗ್‌ನಲ್ಲಿ ದ್ರಾವಿಡ್ ಪುತ್ರ

2024ರ ಜನವರಿ 15, ಸಂಕ್ರಾಂತಿ. ನಮ್ಮ ನ್ಯೂಸ್ ಸೈಟ್‌ನ ಡೆಸ್ಕ್‌ನಲ್ಲಿ ಇದ್ದದ್ದು ಮೂವರು, ಸ್ಪೋರ್ಟ್ಸ್‌ಗೆ ನಾನೊಬ್ಬಳೇ. ಮನೆಯಿಂದ ತಂದ ಎಳ್ಳುಬೆಲ್ಲದ ಪೊಟ್ಟಣವನ್ನು ಕೀಬೋರ್ಡ್ ಪಕ್ಕ ಬಿಚ್ಚಿಟ್ಟುಕೊಂಡು ಶಿಫ್ಟ್ ಶುರು ಮಾಡಿದ್ದೆ. 17ಕ್ಕೆ ಚಿನ್ನಸ್ವಾಮಿಯಲ್ಲಿ ಭಾರತ–ಅಫ್ಗಾನಿಸ್ತಾನ ಟಿ20 ಇತ್ತು, ನಮ್ಮ ಇಬ್ಬರು ರಿಪೋರ್ಟರ್‌ಗಳೂ ಅದರ ಹಿಂದೆ ಬಿದ್ದಿದ್ದರು. ಶಿವಮೊಗ್ಗದ ನವುಲೆ ಸ್ಟೇಡಿಯಂನಲ್ಲಿ ನಡೆಯುತ್ತಿದ್ದ, 19 ವರ್ಷದೊಳಗಿನವರ ಕೂಚ್ ಬೆಹಾರ್ ಟ್ರೋಫಿ ಫೈನಲ್‌ಗೆ ನಮ್ಮ ಪ್ಲಾನರ್‌ನಲ್ಲಿ ಸಿಕ್ಕಿದ್ದು ಒಂದೇ ಸಾಲು: ‘ಸ್ಟ್ರಿಂಗರ್ ಕಾಪಿ, 200 ಪದ’.

ಮಧ್ಯಾಹ್ನ ಶಿವಮೊಗ್ಗದಿಂದ ಸ್ಟ್ರಿಂಗರ್, ಅಂದರೆ ಅಲ್ಲಿಂದ ನಮಗೆ ಸುದ್ದಿ ಕಳಿಸುವ ವರದಿಗಾರರು, ವಾಟ್ಸ್‌ಆ್ಯಪ್ ಮಾಡಿದರು. ‘ಪ್ರಖರ್ 404 ನಾಟೌಟ್. ಕರ್ನಾಟಕ 890/8. ಕಪ್ ನಮ್ದು.’ ಅದರ ಹಿಂದೆಯೇ ಏಳೆಂಟು ಸಾಲಿನ ವಿವರ. ಮುಂಬೈ ಮೊದಲ ಇನಿಂಗ್ಸ್‌ನಲ್ಲಿ 380 ಮಾಡಿತ್ತು. ಪ್ರಖರ್ ಚತುರ್ವೇದಿ 638 ಎಸೆತ ಆಡಿ, 46 ಬೌಂಡರಿ, 3 ಸಿಕ್ಸರ್ ಹೊಡೆದು ಅಜೇಯನಾಗಿ ಉಳಿದಿದ್ದ. ಹರ್ಷಿಲ್ ಧರ್ಮಾನಿ 169. ಕೊನೆಯ ಸಾಲಿನಲ್ಲಿ, ನಾನು ಕೇಳದಿದ್ದರೂ, ‘ಸಮಿತ್ ದ್ರಾವಿಡ್ 22 ರನ್, 2 ವಿಕೆಟ್’.

ಕಣ್ಣು ನೇರವಾಗಿ ಆ ಕೊನೆಯ ಸಾಲಿಗೇ ಹೋಯಿತು. ಆ ಹೊತ್ತಿನಲ್ಲಿ ತಲೆಯೊಳಗೆ ಏನಾಯಿತು ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. 404 ಎಷ್ಟು ದೊಡ್ಡ ಸಂಖ್ಯೆ ಎಂಬುದು ನನಗೆ ಗೊತ್ತಿತ್ತು. ಈ ಟೂರ್ನಿಯ ಫೈನಲ್‌ನಲ್ಲಿ 400 ದಾಟಿದವರು ಅದುವರೆಗೆ ಯಾರೂ ಇರಲಿಲ್ಲ. ಫೈನಲ್‌ನ ಹಳೆಯ ದಾಖಲೆ ಯುವರಾಜ್ ಸಿಂಗ್ ಅವರ 358. 1999ರ ಡಿಸೆಂಬರ್, ಜೆಮ್‌ಶೆಡ್‌ಪುರ. ಎದುರಾಳಿ ಬಿಹಾರದ ಇಡೀ ತಂಡ 357ಕ್ಕೆ ಆಲೌಟ್ ಆಗಿತ್ತು, ಆ ತಂಡದಲ್ಲಿ ಧೋನಿ ಇದ್ದರು. ಕ್ರಿಕೆಟ್ ಡೆಸ್ಕ್‌ನಲ್ಲಿ ಕೂತವರಿಗೆಲ್ಲ ಬಾಯಿಪಾಠ ಆಗಿರುವ ಕಥೆ ಇದು. ಇಪ್ಪತ್ತನಾಲ್ಕು ವರ್ಷ ನಿಂತಿದ್ದ ಆ ದಾಖಲೆಯನ್ನು ನಮ್ಮದೇ ರಾಜ್ಯದ ಹುಡುಗ ನಮ್ಮದೇ ನೆಲದಲ್ಲಿ ಮುರಿದಿದ್ದ. ಒಬ್ಬನೇ 106 ಓವರ್‌ಗಿಂತ ಹೆಚ್ಚು ಎದುರಿಸಿದ್ದ. ಇಷ್ಟೆಲ್ಲ ಗೊತ್ತಿದ್ದೂ ಬೆರಳು ಟೈಪ್ ಮಾಡಿದ್ದು ಇದನ್ನು: ‘ರಾಹುಲ್ ದ್ರಾವಿಡ್ ಪುತ್ರನ ತಂಡಕ್ಕೆ ಕೂಚ್ ಬೆಹಾರ್ ಕಿರೀಟ’.

ಆಮೇಲೆ ಫೋಟೊ. ಆರ್ಕೈವ್‌ನಲ್ಲಿ ‘ಪ್ರಖರ್’ ಎಂದು ಹುಡುಕಿದೆ, ಸೊನ್ನೆ. ‘ಪ್ರಖರ್ ಚತುರ್ವೇದಿ’, ಸೊನ್ನೆ. ‘ಸಮಿತ್’ ಎಂದೊಡನೆ ಮೂರು ಪುಟ ಫೋಟೊ. ಹುಡುಗ ಬ್ಯಾಟ್ ಹಿಡಿದದ್ದು, ಬೌಲಿಂಗ್ ರನ್‌ಅಪ್‌ನಲ್ಲಿದ್ದದ್ದು, ಅಪ್ಪನ ಪಕ್ಕ ನಿಂತದ್ದು. ಸ್ಟ್ರಿಂಗರ್ ಫೋಟೊ ಬರಲು ಇನ್ನೂ ಹತ್ತು ನಿಮಿಷ ಬೇಕಿತ್ತು. ಅಷ್ಟರಲ್ಲಿ ಬೇರೆ ಎರಡು ಸೈಟ್‌ಗಳ ಪುಶ್ ನೋಟಿಫಿಕೇಶನ್ ನನ್ನ ಫೋನ್‌ಗೆ ಬಂದಾಗಿತ್ತು, ಎರಡರಲ್ಲೂ ದ್ರಾವಿಡ್ ಹೆಸರೇ ಮುಂದೆ. ಇನ್ನು ಕಾಯಬಾರದು ಎಂದುಕೊಂಡೆ. ದ್ರಾವಿಡ್ ಅವರ ಫೈಲ್ ಫೋಟೊ ಥಂಬ್‌ನೇಲ್‌ಗೆ ಹಾಕಿದೆ. ಸುದ್ದಿ ಪ್ರಕಟಿಸುವ ನಮ್ಮ ಸಾಫ್ಟ್‌ವೇರ್, ಸಿಎಂಎಸ್, ತಾನಾಗಿಯೇ ‘ರಾಹುಲ್ ದ್ರಾವಿಡ್’ ಎಂಬ ಟ್ಯಾಗ್ ತುಂಬಿಕೊಂಡಿತು. ಪ್ರಖರ್ ಹೆಸರಿನ ಟ್ಯಾಗೇ ಇರಲಿಲ್ಲ, ಹೊಸದು ಮಾಡಲು ಅಡ್ಮಿನ್ ಪರ್ಮಿಶನ್ ಬೇಕು. ಪಬ್ಲಿಷ್, ಪುಶ್. ಮೆಸೇಜ್ ಬಂದಾಗಿನಿಂದ ಅಲ್ಲಿಯವರೆಗೆ ಆರು ನಿಮಿಷವೂ ಆಗಿರಲಿಲ್ಲ. 404 ಬಂದದ್ದು ಕಾಪಿಯ ಮೂರನೇ ಪ್ಯಾರಾದಲ್ಲಿ.

ಎಳ್ಳುಬೆಲ್ಲ ಬಾಯಿಗೆ ಹಾಕಿಕೊಂಡಿದ್ದೆ. ಶಿವಮೊಗ್ಗದಿಂದ ಫೋನ್ ಬಂತು. ಆ ಹಿರಿಯರು ಮೂವತ್ತು ವರ್ಷದಿಂದ ಅಲ್ಲಿ ಸುದ್ದಿ ಕಳಿಸುತ್ತಿರುವವರು, ನನ್ನ ಕಾಪಿ ಬಗ್ಗೆ ಯಾವತ್ತೂ ತಕರಾರು ತೆಗೆದವರಲ್ಲ.

“ಎಂತದು ಮಾರಾಯ್ರೆ ಇದು? ಈ ಹೆಡ್ಡಿಂಗು ನೀವೇ ಹಾಕಿದ್ದಾ?”

“ಹೌದು ಸರ್, ಅರ್ಜೆಂಟಲ್ಲಿ…”

“ಆ ಹುಡುಗ ಮೊನ್ನೆಯಿಂದ ಬಿಸಿಲಲ್ಲಿ ನಿಂತಿದ್ದಾನೆ. ನಾನು ಬೌಂಡರಿ ಲೈನ್ ಹತ್ರ ಕೂತು ಒಂದೊಂದು ರನ್ನೂ ಬರ್ಕೊಂಡಿದ್ದೀನಿ. ಅವನ ಹೆಸರು ಹಾಕೋಕೆ ನಿಮಗೆ ಜಾಗ ಸಿಗಲಿಲ್ವಾ?”

ನನ್ನ ಬಾಯಲ್ಲಿ ಉತ್ತರವಿರಲಿಲ್ಲ. ಅವರೇ ಮುಂದುವರಿಸಿದರು. “ಸಮಿತನೂ ಒಳ್ಳೇ ಹುಡುಗ. ಎರಡು ವಿಕೆಟ್ ತೆಗ್ದ. ಅವನಿಗೂ ಇದರಿಂದ ಉಪಕಾರ ಆಗಲ್ಲ ನೋಡಿ.” ಫೋನ್ ಇಟ್ಟರು. ಒಂದು ನಿಮಿಷದೊಳಗೆ ಹದಿನಾಲ್ಕು ಫೋಟೊ ಬಂದವು, ಹದಿನಾಲ್ಕರಲ್ಲೂ ಪ್ರಖರ್.

ಹೆಡ್ಡಿಂಗ್ ಬದಲಿಸಿದೆ. ಫೋಟೊ ಬದಲಿಸಿದೆ. ಮೂರನೇ ಪ್ಯಾರಾವನ್ನು ಮೊದಲಿಗೆ ತಂದೆ. ಕರ್ನಾಟಕಕ್ಕೆ ಇದು ಮೊದಲ ಕೂಚ್ ಬೆಹಾರ್ ಪ್ರಶಸ್ತಿ ಎಂಬ ಸಾಲನ್ನು ಆಗ ಸೇರಿಸಿದೆ. ಅಷ್ಟು ದೊಡ್ಡ ವಿಷಯ ಮೊದಲ ಆವೃತ್ತಿಯಲ್ಲಿ ಇರಲೇ ಇಲ್ಲ. ಆದರೆ ಹೋದ ಪುಶ್ ವಾಪಸ್ ಬರುವುದಿಲ್ಲ. ಯುಆರ್‌ಎಲ್ ಒಮ್ಮೆ ಹುಟ್ಟಿದರೆ ನಮ್ಮ ಸಿಎಂಎಸ್‌ನಲ್ಲಿ ಬದಲಾಗುವುದಿಲ್ಲ. ಪ್ರಖರ್‌ನ 404ರ ಆ ಸುದ್ದಿಯನ್ನು ಇವತ್ತು ತೆರೆದರೂ ವಿಳಾಸದ ಪಟ್ಟಿಯಲ್ಲಿ ‘ದ್ರಾವಿಡ್ ಸನ್’ ಎಂದೇ ಇದೆ. ಟೆಕ್ ಟೀಮ್‌ಗೆ ಎರಡು ಸಲ ಟಿಕೆಟ್ ಹಾಕಿದೆ, ಎರಡನ್ನೂ ‘ಲೋ ಪ್ರಯಾರಿಟಿ’ ಎಂದು ಮುಚ್ಚಿದರು.

ಸಂಜೆ ಕಾಮೆಂಟ್ ಮಾಡರೇಶನ್ ನನ್ನದೇ ಪಾಳಿ. ಹೊಟ್ಟೆಯೊಳಗೆ ಸಂಕಟವಾಗಲು ಶುರುವಾದದ್ದು ಆಗ. ‘22 ರನ್ನಿಗೆ ಇಷ್ಟು ಪ್ರಚಾರಾನಾ?’ ‘ಅಪ್ಪನ ಹೆಸರಿಲ್ಲದಿದ್ರೆ ಟೀಮಲ್ಲಿ ಇರ್ತಿದ್ನಾ?’ ಇವು ಅದರಲ್ಲೇ ಸಭ್ಯವಾದವು, ಉಳಿದವನ್ನು ಇಲ್ಲಿ ಬರೆಯಲಾರೆ. ಒಂದೊಂದಾಗಿ ಅಳಿಸುತ್ತಾ ಹೋದೆ. ಹದಿನೆಂಟು ವರ್ಷದ ಆ ಹುಡುಗ ಅವತ್ತು ಮಾಡಿದ ತಪ್ಪೇನು? ಫೈನಲ್ ಆಡಿದ, ಎರಡು ವಿಕೆಟ್ ತೆಗೆದ, ಅವನ ತಂಡ ಗೆದ್ದಿತು. ತನ್ನ ಹೆಸರು ಹೆಡ್ಡಿಂಗ್‌ಗೆ ಹಾಕಿ ಎಂದು ಅವನು ಯಾರನ್ನೂ ಕೇಳಿರಲಿಲ್ಲ. ಅವನನ್ನು ಎತ್ತಿ ಆ ಜಾಗದಲ್ಲಿ ನಿಲ್ಲಿಸಿದವಳು ನಾನು, ಕಲ್ಲು ಬಿದ್ದದ್ದು ಅವನಿಗೆ. 404 ಹೊಡೆದವನ ಹೆಸರು ಮುಚ್ಚಿಹೋಯಿತು, 22 ಹೊಡೆದವನು ಬೈಸಿಕೊಂಡ. ಒಂದೇ ಹೆಡ್ಡಿಂಗ್‌ನಿಂದ ಇಬ್ಬರು ಹುಡುಗರಿಗೂ ಅನ್ಯಾಯ ಮಾಡಿದ್ದೆ.

ಮರುದಿನದ ಮೀಟಿಂಗ್‌ನಲ್ಲಿ ಆ ಸ್ಟೋರಿಗೆ ಹೊಗಳಿಕೆ ಬಂತು. ಹಿಂದಿನ ದಿನದ ಟಾಪ್ ಸ್ಟೋರಿ ಅದೇ. “ಸಣ್ಣ ಟೂರ್ನಿಯನ್ನೂ ಹೇಗೆ ಪ್ಯಾಕೇಜ್ ಮಾಡಬಹುದು ಅನ್ನೋದಕ್ಕೆ ಇದು ಒಳ್ಳೆ ಉದಾಹರಣೆ” ಎಂದು ಪರದೆಯ ಮೇಲೆ ಗ್ರಾಫ್ ತೋರಿಸಿದರು. ಅಲ್ಲಿ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಹೆಡ್ಡಿಂಗ್ ತಪ್ಪಿದ್ದು ಅವಸರದಲ್ಲಿ, ಆದರೆ ಮೀಟಿಂಗ್‌ನಲ್ಲಿ ಸುಮ್ಮನಿದ್ದದ್ದು ತಿಳಿದೂ ತಿಳಿದೂ. ಇವತ್ತಿಗೂ ಚುಚ್ಚುವುದು ಆ ಎರಡನೆಯದು.

ಆ ವಾರ ಬಿಡುವು ಮಾಡಿಕೊಂಡು ಆರ್ಕೈವ್‌ನಲ್ಲಿ ಹಿಂದಕ್ಕೆ ಹೋದೆ. ಈ ಚಾಳಿ ನಮಗೆ ಯಾವಾಗ ಅಂಟಿತು ಎಂದು ನೋಡಬೇಕಿತ್ತು. ಅದಕ್ಕೆ ಒಂದೂವರೆ ತಿಂಗಳ ಹಿಂದೆ, 2023ರ ಡಿಸೆಂಬರ್ ಮೊದಲ ವಾರದಲ್ಲಿ, ನಾವೆಲ್ಲರೂ ಹಂಚಿಕೊಂಡ ಒಂದು ಚಿತ್ರವಿತ್ತು. ಮೈಸೂರಿನ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ಮೈದಾನ, ಇದೇ ಟೂರ್ನಿಯ ಕರ್ನಾಟಕ–ಉತ್ತರಾಖಂಡ ಪಂದ್ಯ. ವಿಶ್ವಕಪ್ ಫೈನಲ್ ಸೋತು ಎರಡು ವಾರವೂ ಆಗಿರಲಿಲ್ಲ. ಆಗ ಭಾರತ ತಂಡದ ಕೋಚ್ ಆಗಿದ್ದ ದ್ರಾವಿಡ್, ಪತ್ನಿಯ ಜೊತೆ ಮೆಟ್ಟಿಲ ಮೇಲೆ ಕೂತು ಮಗನ ಆಟ ನೋಡುತ್ತಿದ್ದರು. ನೋಡಿದರೆ ಯಾರಿಗಾದರೂ ಮನಸ್ಸು ತುಂಬುವ ಚಿತ್ರ ಅದು. ಆ ಸ್ಟೋರಿ ಬರೆದವಳೂ ನಾನೇ. ಈಗ ಮತ್ತೆ ತೆರೆದು ಓದಿದೆ. ಮೆಟ್ಟಿಲ ಬಗ್ಗೆ ಇದೆ, ಸರಳತೆಯ ಬಗ್ಗೆ ಇದೆ, ಜನ ಫೋನ್ ಹಿಡಿದು ಸುತ್ತ ಸೇರಿದ್ದರ ಬಗ್ಗೆ ಇದೆ. ಕರ್ನಾಟಕದ ಸ್ಕೋರ್ ಇಲ್ಲ. ಯಾರು ಗೆದ್ದರು ಎಂಬುದೂ ಇಲ್ಲ. ಅದೇ ತಂಡ ಮುಂದೆ ಕಪ್ ಎತ್ತಿತು.

ಇನ್ನೂ ಹಿಂದಕ್ಕೆ ಹೋದರೆ 2018ರ ಜನವರಿ. ಬಿಟಿಆರ್ ಶೀಲ್ಡ್, 14 ವರ್ಷದೊಳಗಿನ ಶಾಲಾ ಮಕ್ಕಳ ಪಂದ್ಯ. ಸಮಿತ್ 150, ಅದೇ ತಂಡದಲ್ಲಿ ಮಾಜಿ ಸ್ಪಿನ್ನರ್ ಸುನಿಲ್ ಜೋಶಿ ಅವರ ಮಗ ಆರ್ಯನ್ 154. ಹನ್ನೆರಡು ವರ್ಷದ ಹುಡುಗ ಶಾಲೆಯ ಪಂದ್ಯದಲ್ಲಿ ಹೊಡೆದ ರನ್ ದೇಶದ ಸುದ್ದಿಯಾಗಿತ್ತು. ಅಂದಿನಿಂದ ಅವನ ಪ್ರತಿ ಇನಿಂಗ್ಸೂ ಫೈಲ್ ಆಗುತ್ತಲೇ ಬಂದಿದೆ. ಆರ್ಕೈವ್‌ನಲ್ಲಿ ಮೂರು ಪುಟ ತುಂಬಿದ್ದು ಹೀಗೆ. ಫೋಟೊ ಇದ್ದವನ ಸುದ್ದಿ ಬೇಗ ಹೋಗುತ್ತದೆ, ಬೇಗ ಹೋದದ್ದನ್ನು ಜನ ಓದುತ್ತಾರೆ, ಓದಿದ್ದಾರೆಂದು ಮುಂದಿನ ಸಲವೂ ಅವನ ಫೋಟೊವನ್ನೇ ತರಿಸುತ್ತೇವೆ. ಇದರಲ್ಲಿ ಯಾರದ್ದೂ ಕೆಟ್ಟ ಉದ್ದೇಶವಿಲ್ಲ. ಆದರೂ ಪ್ರಖರ್ ಹೆಸರಿಗೆ ಸೊನ್ನೆ.

ಸ್ಟುವರ್ಟ್ ಬಿನ್ನಿ ನೆನಪಾದರು. 2014ರ ಜೂನ್ 17ರಂದು ನಾನಿನ್ನೂ ಟ್ರೇನಿ. ಮೀರ್‌ಪುರದಲ್ಲಿ ಭಾರತ 105ಕ್ಕೆ ಆಲೌಟ್, ಬಾಂಗ್ಲಾದೇಶ 58ಕ್ಕೆ. ಬಿನ್ನಿ 4 ರನ್ ಕೊಟ್ಟು 6 ವಿಕೆಟ್ ತೆಗೆದರು. ಏಕದಿನದಲ್ಲಿ ಭಾರತದ ಅತ್ಯುತ್ತಮ ಬೌಲಿಂಗ್ ಅಲ್ಲಿಯವರೆಗೆ ಅನಿಲ್ ಕುಂಬ್ಳೆ ಅವರ 12ಕ್ಕೆ 6 ಆಗಿತ್ತು. ಒಬ್ಬ ಕನ್ನಡಿಗನ ದಾಖಲೆಯನ್ನು ಇನ್ನೊಬ್ಬ ಕನ್ನಡಿಗ ಮುರಿದ ದಿನ. ರೋಜರ್ ಬಿನ್ನಿ ಆಗ ಆಯ್ಕೆ ಸಮಿತಿಯಲ್ಲಿದ್ದರು, ಹಾಗಾಗಿ ತಂಡಕ್ಕೆ ಬಂದ ದಿನದಿಂದಲೂ ಮಗನ ಮೇಲೆ ಟೀಕೆ ಇತ್ತು. ಆಯ್ಕೆಗಾರನ ಮಗನ ಆಯ್ಕೆಯನ್ನು ಪ್ರಶ್ನಿಸುವುದು ಪತ್ರಕರ್ತರ ಕೆಲಸವೇ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆರು ವಿಕೆಟ್ ಬಿದ್ದ ರಾತ್ರಿಯೂ ಕಾಪಿಯ ಮೊದಲ ಪದ ‘ರೋಜರ್’ ಆಗಿದ್ದು ನನಗೆ ನೆನಪಿದೆ. 1983ರ ವಿಶ್ವಕಪ್‌ನಲ್ಲಿ ಎಲ್ಲರಿಗಿಂತ ಹೆಚ್ಚು, 18 ವಿಕೆಟ್ ತೆಗೆದ ಅಪ್ಪನ ಮೇಲೆ ನಮಗಿರುವ ಪ್ರೀತಿ ಸುಳ್ಳಲ್ಲ. ಆ ಪ್ರೀತಿಯ ಭಾರವನ್ನು ಮಗನ ತಲೆಯ ಮೇಲೆ ಹೊರಿಸಿದ್ದು ತಪ್ಪು.

ಅಪ್ಪನ ಹೆಸರು ಬರಲೇಬಾರದು ಎಂದು ನಾನು ಹೇಳುತ್ತಿಲ್ಲ. 2022ರ ಡಿಸೆಂಬರ್‌ನಲ್ಲಿ ಅರ್ಜುನ್ ತೆಂಡೂಲ್ಕರ್ ಗೋವಾ ಪರ ತನ್ನ ಮೊದಲ ರಣಜಿ ಪಂದ್ಯದಲ್ಲೇ 120 ಹೊಡೆದ. 1988ರ ಡಿಸೆಂಬರ್‌ನಲ್ಲಿ ಅಪ್ಪನೂ ಮೊದಲ ರಣಜಿ ಪಂದ್ಯದಲ್ಲೇ ಶತಕ ಹೊಡೆದಿದ್ದರು. ಅಲ್ಲಿ ಅಪ್ಪ ಸುದ್ದಿಯ ಒಳಗೇ ಇದ್ದಾರೆ, ಬಿಟ್ಟರೆ ಸುದ್ದಿ ಅರ್ಧವಾಗುತ್ತದೆ. ನವುಲೆಯಲ್ಲಿ ರಾಹುಲ್ ದ್ರಾವಿಡ್ ಅವರಿಗೆ ಕೆಲಸವೇ ಇರಲಿಲ್ಲ. ಹೊರಗಿನಿಂದ ತಂದು ಅಂಟಿಸಿದವಳು ನಾನು. ಈಗ ಹೆಡ್ಡಿಂಗ್ ಕೊಡುವ ಮುಂಚೆ ಅಪ್ಪನ ಹೆಸರನ್ನು ಅಳಿಸಿ ಒಮ್ಮೆ ಓದುತ್ತೇನೆ. ಸುದ್ದಿ ಉಳಿದರೆ ಆ ಹೆಸರು ಕೆಳಗೆ ಹೋಗುತ್ತದೆ. ಸುದ್ದಿಯೇ ಉಳಿಯದಿದ್ದರೆ ಸ್ಟೋರಿ ಹಾಕುವುದಿಲ್ಲ.

ಇದಕ್ಕೆ ಪರೀಕ್ಷೆ ಬಂದದ್ದು 2024ರದೇ ಮಹಾರಾಜ ಟ್ರೋಫಿಯಲ್ಲಿ, ರಾಜ್ಯದ ಟಿ20 ಲೀಗ್‌ನಲ್ಲಿ. ಹರಾಜಿನಲ್ಲಿ ಮೈಸೂರು ವಾರಿಯರ್ಸ್ 50,000 ರೂಪಾಯಿಗೆ ಸಮಿತ್‌ನನ್ನು ತೆಗೆದುಕೊಂಡಿತು. ಅವತ್ತು ಎಲ್ಲ ಕಡೆ ಹೆಡ್ಡಿಂಗ್ ಅದೇ. ಆಗಸ್ಟ್‌ನಲ್ಲಿ ಟೂರ್ನಿ ಶುರುವಾದ ಮೇಲೆ ಅವನು ಔಟಾದ ಒಂದೊಂದು ಎಸೆತವೂ ಕ್ಲಿಪ್ ಆಯಿತು. ಏಳು ಇನಿಂಗ್ಸ್‌ನಲ್ಲಿ ಒಟ್ಟು 82 ರನ್. ಆ ವಯಸ್ಸಿನಲ್ಲಿ, ಮೊದಲ ಸೀಸನ್‌ನಲ್ಲಿ, ಎಷ್ಟೋ ಹುಡುಗರಿಗೆ ಹೀಗಾಗುತ್ತದೆ, ಯಾರೂ ಲೆಕ್ಕ ಇಡುವುದಿಲ್ಲ. ಅದೇ ತಂಡದ ನಾಯಕ ಕರುಣ್ ನಾಯರ್ ಮಂಗಳೂರು ಡ್ರ್ಯಾಗನ್ಸ್ ವಿರುದ್ಧ 48 ಎಸೆತಗಳಲ್ಲಿ 124 ಹೊಡೆದರು. ಟೆಸ್ಟ್‌ನಲ್ಲಿ ತ್ರಿಶತಕ ಬಾರಿಸಿ, ಆಮೇಲೆ ತಂಡದಿಂದ ಹೊರಬಿದ್ದು, ಮತ್ತೆ ಬಾಗಿಲು ತಟ್ಟುತ್ತಿದ್ದ ಆಟಗಾರ. ಆ ರಾತ್ರಿ ಗ್ರೂಪ್‌ನಲ್ಲಿ ಮೆಸೇಜ್ ಬಂತು: ‘ಸಮಿತ್ ಎಷ್ಟು? ಅವನ ಕ್ಲಿಪ್ ಇದ್ರೆ ಅದನ್ನೇ ಲೀಡ್ ಮಾಡಿ.’

‘ಕರುಣ್ ಲೀಡ್, ಸಾರ್. ಸಮಿತ್ ಸ್ಕೋರ್‌ಕಾರ್ಡ್‌ನಲ್ಲಿ ಬರ್ತಾನೆ’ ಎಂದು ಬರೆದು ಕಳಿಸಿದೆ. ಕೈ ಸ್ವಲ್ಪ ನಡುಗಿತು. ಎರಡು ನಿಮಿಷ ಗ್ರೂಪ್‌ನಲ್ಲಿ ಯಾರೂ ಮಾತಾಡಲಿಲ್ಲ. ಆಮೇಲೆ ಬಂದದ್ದು ಒಂದು ‘ಓಕೆ’, ಅಷ್ಟೇ. ಓದಿದವರ ನಂಬರ್ ಕಡಿಮೆ ಬಂತು, ಮರುದಿನ ಅದನ್ನು ಎತ್ತಿಯೂ ತೋರಿಸಿದರು. ಈ ಸಲ ನಾನು ಮಾತಾಡಿದೆ. ಜನವರಿ 15ರ ಕಥೆಯನ್ನು, ಆ ಕಾಮೆಂಟ್‌ಗಳನ್ನು, ಮೀಟಿಂಗ್‌ನಲ್ಲಿ ಸುಮ್ಮನಿದ್ದದ್ದನ್ನು ಎಲ್ಲ ಹೇಳಿದೆ. ಟಾರ್ಗೆಟ್ ಏನೂ ಇಳಿಯಲಿಲ್ಲ. ಟ್ಯಾಗ್ ಮಾಡುವ ಪರ್ಮಿಶನ್ ಮಾತ್ರ ಸ್ಪೋರ್ಟ್ಸ್ ಡೆಸ್ಕ್‌ಗೆ ಸಿಕ್ಕಿತು.

ಅದನ್ನು ಚೆನ್ನಾಗಿ ಬಳಸಿಕೊಳ್ಳುತ್ತಿದ್ದೇನೆ. 16 ವರ್ಷದೊಳಗಿನವರದಿರಲಿ, 19 ವರ್ಷದೊಳಗಿನವರದಿರಲಿ, ಆಲೂರು, ಹುಬ್ಬಳ್ಳಿ, ಶಿವಮೊಗ್ಗ ಎಲ್ಲೇ ಪಂದ್ಯ ನಡೆಯಲಿ, ಮೊದಲ ದಿನ ಬೆಳಿಗ್ಗೆಯೇ ಹನ್ನೊಂದು ಜನರದ್ದೂ ಒಂದೊಂದು ಫೋಟೊ ಹೆಸರಿನ ಸಮೇತ ಕಳಿಸಿ ಎಂದು ಸ್ಟ್ರಿಂಗರ್‌ಗಳಿಗೆ ಹೇಳಿದ್ದೇನೆ. ಮೊದಮೊದಲು “ಇದಕ್ಕೆ ದುಡ್ಡು ಕೊಡ್ತೀರಾ?” ಎಂದರು, ಅದು ನ್ಯಾಯವಾದ ಪ್ರಶ್ನೆಯೇ. ಫೋಟೊಗೆ ಇಷ್ಟು ಎಂದು ಮಂಜೂರು ಮಾಡಿಸಲು ನಾಲ್ಕು ತಿಂಗಳು ಹಿಡಿಯಿತು. ಶಿವಮೊಗ್ಗದ ಹಿರಿಯರು ಮಾತ್ರ ಮಂಜೂರಾಗುವ ಮೊದಲೇ ಶುರು ಮಾಡಿದ್ದರು. ಮೊನ್ನೆ ಅವರಿಂದ ಬಂದ ಫೋಲ್ಡರ್‌ನಲ್ಲಿ ಹನ್ನೊಂದು ಮುಖ, ಹನ್ನೊಂದು ಹೆಸರು. ಒಂದು ಹೆಸರಿನ ಇನಿಷಿಯಲ್ ಅನುಮಾನ ಬಂತು. ಫೋನ್ ಮಾಡಿದೆ. “ತಡೀರಿ, ಹುಡುಗ ಇಲ್ಲೇ ಇದ್ದಾನೆ, ಅವನನ್ನೇ ಕೇಳ್ತೀನಿ” ಎಂದು ಫೋನ್ ಹಿಡಿದುಕೊಂಡೇ ಬೌಂಡರಿ ಕಡೆ ನಡೆದರು.