ಹಂದಿಯ ಭುಜ ಮತ್ತು ರಾತ್ರಿ ಪಾಳಿ

ಮೈಸೂರಿನ ಹುಣಸೂರು ರಸ್ತೆಯ ಕಡೆ ಇರುವ ಒಂದು ಸಣ್ಣ ಹೋಟೆಲಿನ ಅಡುಗೆಮನೆಯನ್ನು ನಾನು ನೋಡಿಕೊಳ್ಳುತ್ತೇನೆ. ಕೊಡಗಿಗೆ ಹೋಗುವವರೂ ಅಲ್ಲಿಂದ ಬರುವವರೂ ನಮ್ಮಲ್ಲಿ ಊಟಕ್ಕೆ ನಿಲ್ಲುವುದರಿಂದ ಹಂದಿ ಮಾಂಸ ನಮಗೆ ಹೊಸದಲ್ಲ. ಕಾಚಂಪುಳಿ ಎಂಬ ಕೊಡಗಿನ ಕಪ್ಪು ಹಣ್ಣಿನ ಹುಳಿ ಹಾಕಿದ ಪಂದಿ ಕರಿ, ಅಂದರೆ ಹಂದಿ ಸಾರು, ಜೊತೆಗೆ ಅಕ್ಕಿ ತರಿಯ ಆವಿ ಉಂಡೆಯಾದ ಕಡಂಬುಟ್ಟು ಮೊದಲಿನಿಂದಲೂ ಇವೆ. ಗಂಟೆಗಟ್ಟಲೆ ಬೇಯಿಸಿ ಎಳೆಎಳೆಯಾಗಿ ಬಿಡಿಸುವ ಹಂದಿ ಮಾಂಸ, ಪುಲ್ಡ್ ಪೋರ್ಕ್, ಬಂದದ್ದು ಆಮೇಲೆ. ಅಮೆರಿಕದಲ್ಲಿ ಇದ್ದು ಬಂದ ಗಿರಾಕಿಗಳು ಒಬ್ಬರ ಹಿಂದೆ ಒಬ್ಬರು ಕೇಳತೊಡಗಿದಾಗ ಮಾಲೀಕರು ಆರು ಲೀಟರಿನ ಸ್ಲೋ ಕುಕ್ಕರ್, ಅಂದರೆ ಕಡಿಮೆ ಕಾವಿನಲ್ಲಿ ಗಂಟೆಗಟ್ಟಲೆ ಬೇಯಿಸುವ ವಿದ್ಯುತ್ ಪಾತ್ರೆ, ತಂದು ನನ್ನ ಮುಂದಿಟ್ಟರು. ಈಗ ಅದು ನಮ್ಮ ವಾರಾಂತ್ಯದ ಮುಖ್ಯ ತಿನಿಸು. ಹೊಸದಾಗಿ ಸೇರುವ ಹುಡುಗರಿಗೆ ನಾನು ಹೆಚ್ಚು ಹೊತ್ತು ಕೂತು ಹೇಳಿಕೊಡುವುದೂ ಇದನ್ನೇ. ಈ ಅಡುಗೆಯಲ್ಲಿ ನಮ್ಮ ಕೈಗೆ ಕೆಲಸವಿರುವುದು ಮೊದಲ ಒಂದು ಗಂಟೆ ಮತ್ತು ಕೊನೆಯ ಎರಡು ಗಂಟೆ. ನಡುವಿನ ಹೊತ್ತೆಲ್ಲ ಮಾಂಸಕ್ಕೆ ಸೇರಿದ್ದು, ಅದನ್ನು ಬಿಟ್ಟುಕೊಡಲು ಕಲಿಯಬೇಕು. ಒಲೆಯ ಮುಂದೆ ಬೆಳೆದ ಅಡುಗೆಯವರಿಗೆ ಇದು ಸುಲಭವಾಗಿ ಬರುವುದಿಲ್ಲ.

ಮೊದಲ ಕೆಲಸ ಮಾಂಸದಂಗಡಿಯಲ್ಲಿಯೇ ಆಗಬೇಕು. ಏನೂ ಹೇಳದೆ ಹಂದಿ ಮಾಂಸ ಕೇಳಿದರೆ ನಮ್ಮ ಊರಿನ ಅಂಗಡಿಗಳಲ್ಲಿ ಸಾರಿಗೆ ಬೇಕಾದ ಹಾಗೆ ಮೂಳೆ ಸಮೇತ ತುಂಡು ಮಾಡಿಯೇ ಕೊಡುತ್ತಾರೆ. ನಮಗೆ ಬೇಕಾಗಿರುವುದು ಮುಂಗಾಲಿನ ಮೇಲಿರುವ ಭುಜದ ಭಾಗ, ಕತ್ತರಿಸದ ಇಡೀ ತುಂಡು. ಹಿಂದಿನ ದಿನವೇ ಹೇಳಿಟ್ಟರೆ ಯಾವ ಅಂಗಡಿಯವರೂ ಇಲ್ಲ ಎನ್ನುವುದಿಲ್ಲ. ಹಂದಿ ನಡೆಯುವಾಗ, ನೆಲ ಕೆದಕುವಾಗ ಸದಾ ದುಡಿಯುವ ಸ್ನಾಯುಗಳು ಅಲ್ಲಿವೆ. ಆದ್ದರಿಂದ ಆ ಸ್ನಾಯುಗಳನ್ನು ಹಿಡಿದಿಡುವ ಕೊಲಾಜೆನ್ ಎಂಬ ಗಟ್ಟಿ ನಾರಿನ ಅಂಶ ಅಲ್ಲಿ ಹೆಚ್ಚು, ಎಳೆಗಳ ನಡುವೆ ಕೊಬ್ಬೂ ಹರಡಿಕೊಂಡಿರುತ್ತದೆ. ಬೆನ್ನಿನ ಮೆತ್ತಗಿನ ಮಾಂಸವನ್ನು ಕೊಟ್ಟು ‘ಇದು ಚೆನ್ನಾಗಿದೆ ತೆಗೆದುಕೊಳ್ಳಿ’ ಎಂದು ಅಂಗಡಿಯವರು ಒತ್ತಾಯಿಸಿದರೂ ಒಪ್ಪಬೇಡಿ. ಹುರಿಯಲು ಅದು ಒಳ್ಳೆಯದೇ. ಒಂಬತ್ತು ಗಂಟೆ ಬೇಯಿಸಿದರೆ ಮಾತ್ರ ಒಣಹತ್ತಿಯಂತಾಗುತ್ತದೆ. ಕರಗಿ ಎಳೆಗಳನ್ನು ತೇವವಾಗಿಡುವ ಕೊಲಾಜೆನ್ ಅದರಲ್ಲಿ ಬಹಳ ಕಡಿಮೆ.

ಚರ್ಮವನ್ನು ನಾನು ತೆಗೆಯುತ್ತೇನೆ. ಪಂದಿ ಕರಿಯಲ್ಲಿ ಚರ್ಮ ಇರಲೇಬೇಕು, ಇಲ್ಲಿ ಅದು ಬಿಡಿಸಲು ಬಾರದೆ ರಬ್ಬರಿನ ಪಟ್ಟಿಯಾಗಿ ಉಳಿಯುತ್ತದೆ. ಭುಜವನ್ನು ಸುಮಾರು ಮುಕ್ಕಾಲು ಕಿಲೋದ ತುಂಡುಗಳಾಗಿ ಮಾಡುತ್ತೇನೆ. ಹೀಗೆ ಮಾಡಿದರೆ ಮಾಂಸದ ಒಳಭಾಗ ಬೇಗ ಬಿಸಿಯೇರುತ್ತದೆ. ಐದು ಡಿಗ್ರಿಯಿಂದ ಅರವತ್ತು ಡಿಗ್ರಿಯವರೆಗಿನ ಉಷ್ಣತೆಯಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದರಿಂದ, ನಿಧಾನವಾಗಿ ಕಾಯುವ ಪಾತ್ರೆಯಲ್ಲಿ ಆ ದಾರಿಯನ್ನು ಎಷ್ಟು ಚಿಕ್ಕದು ಮಾಡಿದರೂ ಒಳ್ಳೆಯದೇ. ಇದೇ ಕಾರಣಕ್ಕೆ ಫ್ರೀಜರಿನಿಂದ ತೆಗೆದ ಕಲ್ಲಿನಂತಹ ಮಾಂಸವನ್ನು ನೇರವಾಗಿ ಕುಕ್ಕರಿಗೆ ಹಾಕುವುದನ್ನು ನಮ್ಮ ಅಡುಗೆಮನೆಯಲ್ಲಿ ನಾನು ಒಪ್ಪುವುದೇ ಇಲ್ಲ. ಹಿಂದಿನ ದಿನ ಫ್ರಿಜ್ಜಿನ ಕೆಳಗಿನ ತಟ್ಟೆಯಲ್ಲಿ ಇಟ್ಟು ಕರಗಿಸಬೇಕು.

ಒಂದು ಕಿಲೋ ಮಾಂಸಕ್ಕೆ 15 ಗ್ರಾಂ ಉಪ್ಪು. ಬ್ಯಾಡಗಿ ಮೆಣಸಿನಕಾಯಿಯ ಪುಡಿ, ಕರಿಮೆಣಸು, ಹುರಿದ ಜೀರಿಗೆ, ಸ್ವಲ್ಪ ಸಾಸಿವೆ ಪುಡಿ. ಅಮೆರಿಕದವರು ಕಂದು ಸಕ್ಕರೆ ಹಾಕುವ ಕಡೆ ನಾನು ಮಂಡ್ಯದ ಬೆಲ್ಲ ಹಾಕುತ್ತೇನೆ, ಬಣ್ಣಕ್ಕೆ ಬಿಳುಪು ಮಾಡದ ಕಪ್ಪು ಬೆಲ್ಲವನ್ನೇ. ಆಲೆಮನೆಯ ಆ ಗಾಢವಾದ ರುಚಿ ಹಂದಿಯ ಕೊಬ್ಬಿಗೆ ಹೊಂದುವಷ್ಟು ಸಕ್ಕರೆ ಎಂದೂ ಹೊಂದುವುದಿಲ್ಲ. ಇದನ್ನೆಲ್ಲ ಸವರಿ, ದಪ್ಪ ಬಾಣಲೆಯಲ್ಲಿ ನಾಲ್ಕೂ ಕಡೆ ಕೆಂಪಗಾಗುವವರೆಗೆ ಹುರಿದು, ಆಮೇಲೆ ಈರುಳ್ಳಿಯ ಹಾಸಿಗೆಯ ಮೇಲೆ ಇಡುತ್ತೇನೆ. ಸ್ಲೋ ಕುಕ್ಕರಿನ ಒಳಗೆ ಸದಾ ತೇವವಿರುವುದರಿಂದ ಮಾಂಸ ತಾನಾಗಿ ಕೆಂಪಗಾಗುವುದಿಲ್ಲ. ಆ ಬಣ್ಣ, ಆ ಪರಿಮಳ ಬೇಕಿದ್ದರೆ ಮೊದಲೇ ಬಾಣಲೆಯಲ್ಲಿ ಸಂಪಾದಿಸಿಕೊಳ್ಳಬೇಕು. ದ್ರವ ಬಹಳ ಕಡಿಮೆ ಸಾಕು: ಅರ್ಧ ಲೋಟ ವಿನಿಗರ್, ಅರ್ಧ ಲೋಟ ನೀರು. ಮುಚ್ಚಿದ ಪಾತ್ರೆಯಿಂದ ಆವಿ ಹೊರಗೆ ಹೋಗುವುದು ಅತ್ಯಲ್ಪ, ಮಾಂಸವೇ ಬೇಕಾದಷ್ಟು ರಸ ಬಿಡುತ್ತದೆ.

ಪಪ್ಪಾಯಿ ಕಾಯಿ ಸವರೋಣವೇ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಬೇಡ. ಪಪ್ಪಾಯಿಯ ಕಿಣ್ವ ಅರವತ್ತು, ಎಪ್ಪತ್ತು ಡಿಗ್ರಿಯ ಹೊತ್ತಿಗೆ ಚುರುಕಾಗುತ್ತದೆ. ಈ ಪಾತ್ರೆಯಲ್ಲಿ ಮಾಂಸ ಆ ಉಷ್ಣತೆಯಲ್ಲಿ ತುಂಬ ಹೊತ್ತು ಇರುವುದರಿಂದ ಹೊರಪದರ ಹಿಟ್ಟಿನಂತಾಗುತ್ತದೆ. ನಮಗೆ ಬೇಕಿರುವುದು ಎಳೆ.

ಇನ್ನು ಎಲ್ಲರೂ ಕೇಳುವ ದೊಡ್ಡ ಪ್ರಶ್ನೆ: ಪ್ರೆಶರ್ ಕುಕ್ಕರಿನಲ್ಲಿ ನಾಲ್ಕು ಕೂಗು ಹೆಚ್ಚಿಗೆ ಕೂಗಿಸಿದರೆ ಆಗುವುದಿಲ್ಲವೇ? ಆಗುತ್ತದೆ. ಒಳಗೆ ಸುಮಾರು 120 ಡಿಗ್ರಿ ಇರುವುದರಿಂದ ಒಂದು, ಒಂದೂಕಾಲು ಗಂಟೆಯಲ್ಲಿ ಕೊಲಾಜೆನ್ ಕರಗುತ್ತದೆ. ಮನೆಯಲ್ಲಿ ನಾಲ್ಕು ಜನರಿಗೆ ಮಾಡುವವರು ಹಾಗೆ ಮಾಡಿದರೆ ನಾನು ಬೇಡವೆನ್ನುವುದಿಲ್ಲ. ಆದರೆ ಆ ಬಿಸಿಯಲ್ಲಿ ಸರಿಯಾದ ಹದಕ್ಕೂ ಮಿತಿಮೀರಿದ್ದಕ್ಕೂ ನಡುವೆ ಹತ್ತು ಹದಿನೈದು ನಿಮಿಷವಷ್ಟೇ ಇರುತ್ತದೆ. ಒಳಗೆ ಏನಾಗುತ್ತಿದೆ ಎಂದು ಮುಟ್ಟಿ ನೋಡಲೂ ಆಗುವುದಿಲ್ಲ. ಸ್ಲೋ ಕುಕ್ಕರಿನಲ್ಲಿ ಹದ ಬಂದ ಮೇಲೆ ಅರ್ಧ ಗಂಟೆ ಹೆಚ್ಚಾದರೂ ಮಾಂಸ ಕ್ಷಮಿಸುತ್ತದೆ. ಬೆಳಗಿನ ತಿಂಡಿಯ ಗಡಿಬಿಡಿಯಲ್ಲಿರುವ ಹೋಟೆಲಿಗೆ ಆ ಅರ್ಧ ಗಂಟೆಯ ಬೆಲೆ ದೊಡ್ಡದು.

ಹದವನ್ನು ಗಡಿಯಾರ ನೋಡಿ ಹೇಳಲು ಬರುವುದಿಲ್ಲ. ನಾನು ಥರ್ಮಾಮೀಟರ್ ಚುಚ್ಚುತ್ತೇನೆ. ಎಪ್ಪತ್ತೈದು ಡಿಗ್ರಿ ಮುಟ್ಟಿದ ಹಂದಿ ಮಾಂಸವನ್ನು ತಿಂದರೆ ಅಪಾಯವಿಲ್ಲ, ಆದರೆ ಭುಜದ ತುಂಡು ಆಗ ಜಗಿದಷ್ಟೂ ಮುಗಿಯದ ಗಟ್ಟಿ. ಎಳೆಗಳು ಬಿಗಿದುಕೊಂಡು ನೀರು ಹಿಂಡಿ ಹಾಕಿರುತ್ತವೆ, ಕೊಲಾಜೆನ್ ಇನ್ನೂ ಕರಗುತ್ತಿರುತ್ತದೆ. ಈ ಹೊತ್ತಿನಲ್ಲಿ ರುಚಿ ನೋಡಿದ ಹುಡುಗರು ‘ಮಾಂಸ ಕೆಟ್ಟಿತು’ ಎಂದು ಗಾಬರಿಯಾಗುತ್ತಾರೆ. ಕೆಟ್ಟಿಲ್ಲ, ಅರ್ಧ ದಾರಿಯಲ್ಲಿದೆ ಅಷ್ಟೇ. ತೊಂಬತ್ತು ದಾಟಿದ ಮೇಲೆ ಫೋರ್ಕ್ ಚುಚ್ಚಿ ಸ್ವಲ್ಪ ತಿರುಗಿಸಿದರೆ ತಾನೇ ಬಿಟ್ಟುಕೊಳ್ಳುತ್ತದೆ. ಅಮೆರಿಕದ ಪಾಕವಿಧಾನಗಳಲ್ಲಿ 95, 96 ಡಿಗ್ರಿ ಎಂದು ಬರೆದಿರುತ್ತಾರೆ. ಮೈಸೂರು ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು ಕುದಿಯುವುದೇ 97 ಡಿಗ್ರಿ ಚಿಲ್ಲರೆಗೆ. ಪಾತ್ರೆಯ ದ್ರವ ಅದನ್ನು ಮೀರಿ ಬಿಸಿಯಾಗುವುದಿಲ್ಲ. ಹಾಗಾಗಿ ಕೊನೆಯ ಎರಡು ಮೂರು ಡಿಗ್ರಿ ಬಹಳ ನಿಧಾನ. 92, 93 ಬಂದು ಫೋರ್ಕ್ ಸಲೀಸಾಗಿ ಇಳಿದರೆ ನಾನು ನಿಲ್ಲಿಸುತ್ತೇನೆ. ‘ಲೋ’ನಲ್ಲಿ ಇಟ್ಟರೆ ಇದಕ್ಕೆ ಒಂಬತ್ತು ಹತ್ತು ಗಂಟೆ ಬೇಕು, ‘ಹೈ’ನಲ್ಲಿ ಆರು. ಎರಡರಲ್ಲೂ ಕೊನೆಗೆ ಮುಟ್ಟುವ ಉಷ್ಣತೆ ಹೆಚ್ಚುಕಡಿಮೆ ಒಂದೇ, ಮುಟ್ಟುವ ವೇಗ ಮಾತ್ರ ಬೇರೆ.

ಇಷ್ಟು ಹೊತ್ತೂ ಮುಚ್ಚಳ ಮುಚ್ಚಿಯೇ ಇರಬೇಕು. ಒಮ್ಮೆ ಎತ್ತಿದರೆ ಹೋದ ಬಿಸಿ ಮರಳಿ ಬರಲು ಇಪ್ಪತ್ತರಿಂದ ಮೂವತ್ತು ನಿಮಿಷ ಹಿಡಿಯುತ್ತದೆ. ಗಂಟೆಗೊಮ್ಮೆ ಇಣುಕಿದರೆ ಅಡುಗೆ ಮುಗಿಯುವುದೇ ಇಲ್ಲ. ಈ ಪಾತ್ರೆಯ ಹುಟ್ಟಿನಲ್ಲಿಯೇ ಈ ನಿಯಮ ಇದೆ. ಇದನ್ನು ರೂಪಿಸಿದ ಇರ್ವಿಂಗ್ ನ್ಯಾಕ್ಸನ್‌ಗೆ 1940ರಲ್ಲಿ ಅಮೆರಿಕದ ಪೇಟೆಂಟ್ ಸಿಕ್ಕಿತು. ಲಿಥುವೇನಿಯಾದ ಯಹೂದಿಗಳು ವಾರದ ವಿಶ್ರಾಂತಿಯ ದಿನವಾದ ಸಬ್ಬತ್ ದಿನ ಬೆಂಕಿ ಹೊತ್ತಿಸುವಂತಿಲ್ಲದ ಕಾರಣ ಶುಕ್ರವಾರ ಸಂಜೆಯೇ ಕಾಳು, ಮಾಂಸದ ಮಡಕೆಯನ್ನು ಬೇಕರಿಯ ಒಲೆಯಲ್ಲಿಟ್ಟು, ಆರುತ್ತಿರುವ ಕಾವಿನಲ್ಲಿ ರಾತ್ರಿಯಿಡೀ ಬೇಯಲು ಬಿಡುತ್ತಿದ್ದರಂತೆ. ತಾಯಿಯ ಕಡೆಯಿಂದ ಕೇಳಿದ ಆ ಕಥೆಯೇ ನ್ಯಾಕ್ಸನ್‌ಗೆ ಪ್ರೇರಣೆ. ರೈವಲ್ ಕಂಪನಿ ಅದನ್ನು ಕೊಂಡು 1971ರಲ್ಲಿ ಕ್ರಾಕ್ ಪಾಟ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಿಟ್ಟಿತು. ಮುಟ್ಟದೆ ಬಿಡುವುದನ್ನೇ ನಂಬಿ ಮಾಡಿದ ಸಾಧನ ಇದು. ನಮ್ಮಲ್ಲಿ ಮುಚ್ಚಳದ ಮೇಲೆ ಒಂದು ಟೇಪ್ ಅಂಟಿಸಿ ಇಟ್ಟ ಹೊತ್ತು, ತೂಕ, ಮೊದಲ ಬಾರಿ ತೆರೆಯಬೇಕಾದ ಹೊತ್ತು ಇಷ್ಟನ್ನೂ ಬರೆಯುತ್ತೇವೆ. ರಾತ್ರಿ ಪಾಳಿಯವರು ಬೆಳಗಿನವರಿಗೆ ಬಾಯಿಮಾತಿನಲ್ಲಿ ಹೇಳಿಹೋಗುವ ಪದ್ಧತಿಯನ್ನು ನಾನು ನಿಲ್ಲಿಸಿದೆ. ನಿದ್ದೆಗಣ್ಣಿನಲ್ಲಿ ಹೇಳಿದ್ದು, ನಿದ್ದೆಗಣ್ಣಿನಲ್ಲಿ ಕೇಳಿದ್ದು ಎರಡನ್ನೂ ನಂಬಿ ಊಟ ಬಡಿಸಲು ಆಗುವುದಿಲ್ಲ.

ಕರೆಂಟಿನ ಬಗ್ಗೆ ಹೇಳಲೇಬೇಕು, ಏಕೆಂದರೆ ಪಾಕವಿಧಾನ ಬರೆಯುವ ಹೊರದೇಶದವರು ಇದನ್ನು ಯೋಚಿಸಿಯೇ ಇರುವುದಿಲ್ಲ. ಬಟನ್ ಒತ್ತುವ ಡಿಜಿಟಲ್ ಮಾದರಿಗಳಲ್ಲಿ ಅನೇಕವು ಕರೆಂಟ್ ಹೋಗಿ ಬಂದ ಮೇಲೆ ಆರಿಯೇ ಇರುತ್ತವೆ. ಗುಂಡಿ ತಿರುಗಿಸುವ ಮಾದರಿ ತಾನಾಗಿ ಮತ್ತೆ ಶುರುವಾಗುತ್ತದೆ, ಆದರೆ ನಡುವೆ ಎಷ್ಟು ಹೊತ್ತು ಆರಿತ್ತು ಎಂದು ಯಾರಿಗೂ ಗೊತ್ತಾಗುವುದಿಲ್ಲ. ಈ ಪಾತ್ರೆಗೆ ಬೇಕಾದ ವಿದ್ಯುತ್ ಇನ್ನೂರೈವತ್ತು, ಮುನ್ನೂರು ವ್ಯಾಟ್ ಅಷ್ಟೇ. ಅದಕ್ಕೇ ನಮ್ಮದನ್ನು ಇನ್ವರ್ಟರ್ ಲೈನಿಗೆ ಹಾಕಿಸಿದ್ದೇವೆ. ರಾತ್ರಿ ಯಾರೂ ಇಲ್ಲದಾಗ ದೀರ್ಘ ಹೊತ್ತು ಕರೆಂಟ್ ಇರಲಿಲ್ಲವೆಂದು ತಿಳಿದರೆ, ಮಾಂಸ ನೋಡಲು ಎಷ್ಟೇ ಚೆನ್ನಾಗಿದ್ದರೂ ಬಡಿಸುವಂತಿಲ್ಲ. ಜನ ಇದ್ದಾಗಲೇ ಹೋದರೆ ಕೂಡಲೇ ಪಾತ್ರೆ ಬದಲಿಸಿ ಗ್ಯಾಸಿನ ಮೇಲೆ ಮುಗಿಸಬೇಕು. ಅಮೆರಿಕದಿಂದ ನೆಂಟರು ತಂದುಕೊಡುವ ಕುಕ್ಕರುಗಳು 120 ವೋಲ್ಟಿನವು. ಅವನ್ನು ನಮ್ಮ 230 ವೋಲ್ಟಿನ ಪ್ಲಗ್ಗಿಗೆ ನೇರವಾಗಿ ಹಾಕಿದರೆ ಸುಟ್ಟುಹೋಗುತ್ತವೆ.

ಕೊನೆಯ ಎರಡು ಗಂಟೆಗೆ ಬರೋಣ. ತುಂಡುಗಳನ್ನು ತಟ್ಟೆಗೆ ತೆಗೆದು, ಕಾಲು ಗಂಟೆ ಬಿಟ್ಟು, ಇನ್ನೂ ಬಿಸಿಯಿರುವಾಗಲೇ ಎರಡು ಫೋರ್ಕ್ ಹಿಡಿದು ಎಳೆ ಬಿಡಿಸಬೇಕು. ತಣ್ಣಗಾದರೆ ಕರಗಿದ ಕೊಲಾಜೆನ್ ಗಟ್ಟಿಯಾಗಿ ಎಳೆಗಳು ತುಂಡಾಗುತ್ತವೆ. ತೀರ ಸಣ್ಣ ನಾರಾಗಿ ಬಿಡಿಸುವುದು ನನಗೆ ಇಷ್ಟವಿಲ್ಲ. ಬೆರಳಿನ ಗಾತ್ರದ ಎಳೆಗಳಿದ್ದರೆ ಬಾಯಿಗೆ ಮಾಂಸವೆಂದು ತಿಳಿಯುತ್ತದೆ. ಪಾತ್ರೆಯ ರಸದ ಮೇಲೆ ತೇಲುವ ಕೊಬ್ಬನ್ನು ತೆಗೆದು, ಉಳಿದದ್ದನ್ನು ಬಾಣಲೆಯಲ್ಲಿ ಅರ್ಧಕ್ಕೆ ಇಳಿಸಿ ಮಾಂಸಕ್ಕೇ ಮರಳಿ ಬೆರೆಸುತ್ತೇನೆ. ಆ ರಸವನ್ನು ಸಿಂಕಿಗೆ ಚೆಲ್ಲುವುದನ್ನು ನೋಡಿದರೆ ನನಗೆ ತಡೆದುಕೊಳ್ಳಲು ಆಗುವುದಿಲ್ಲ. ಒಂಬತ್ತು ಗಂಟೆಯ ಬೇಯುವಿಕೆಯ ಅರ್ಧ ರುಚಿ ಅದರಲ್ಲಿದೆ. ಬೆಲೆ ಕಟ್ಟುವಾಗಲೂ ಒಂದು ಮಾತು ನೆನಪಿರಲಿ: ಮೂಳೆ ತೆಗೆದ ಭುಜದ ತೂಕದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ರಸ ಮತ್ತು ಕೊಬ್ಬಾಗಿ ಇಳಿದುಹೋಗುತ್ತದೆ. ಹಸಿ ಮಾಂಸದ ಲೆಕ್ಕದಲ್ಲಿ ಬೆಲೆ ಇಟ್ಟರೆ ಹೋಟೆಲಿಗೆ ನಷ್ಟ.

ಹುಳಿಗೆ ನಾನು ಕಾಚಂಪುಳಿ ಬಳಸುತ್ತೇನೆ, ಕೊನೆಯಲ್ಲಿ, ಕೆಲವೇ ಹನಿ. ಅಮೆರಿಕದ ನಾರ್ತ್ ಕೆರೊಲಿನಾದ ಪೂರ್ವ ಭಾಗದಲ್ಲಿ ಇಡೀ ಹಂದಿಯನ್ನು ಕಟ್ಟಿಗೆಯ ಕೆಂಡದ ಮೇಲೆ ಬೇಯಿಸಿ ವಿನಿಗರ್ ಮತ್ತು ಮೆಣಸಿನ ತೆಳು ಸಾಸ್ ಹಾಕುತ್ತಾರೆ. ಪಶ್ಚಿಮಕ್ಕೆ ಹೋದರೆ, ಲೆಕ್ಸಿಂಗ್ಟನ್ ಕಡೆ, ಭುಜವನ್ನು ಮಾತ್ರ ಬೇಯಿಸಿ ಸಾಸಿಗೆ ಸ್ವಲ್ಪ ಟೊಮೆಟೊ ಕೆಚಪ್ ಸೇರಿಸುತ್ತಾರೆ. ಅಲ್ಲಿಯವರ ಕಣ್ಣಿಗೆ ಹೊಗೆಯಿಲ್ಲದ ನಮ್ಮ ಅಡುಗೆ ಬಾರ್ಬೆಕ್ಯೂ ಅಲ್ಲ, ಆ ಹೆಸರನ್ನು ನಾವು ಮೆನುವಿನಲ್ಲಿ ಬರೆದೂ ಇಲ್ಲ. ಆದರೆ ಹಂದಿಯ ಕೊಬ್ಬಿಗೆ ಚುರುಕಾದ ಹುಳಿ ಬೇಕು ಎಂಬುದರಲ್ಲಿ ಕೊಡವರಿಗೂ ಕೆರೊಲಿನಾದವರಿಗೂ ಭೇದವಿಲ್ಲ, ಆ ಒಪ್ಪಂದದ ಮೇಲೆ ನನಗೆ ಪೂರ್ತಿ ವಿಶ್ವಾಸವಿದೆ. ಬನ್ನಿನಲ್ಲಿ ಇಟ್ಟು ಕೊಡುವುದಕ್ಕಿಂತ ಬಿಸಿ ಅಕ್ಕಿ ರೊಟ್ಟಿಯ ಜೊತೆ ನಮ್ಮಲ್ಲಿ ಹೆಚ್ಚು ಖರ್ಚಾಗುತ್ತದೆ.

ಉಳಿದ ಮಾಂಸದ ವಿಷಯದಲ್ಲಿ ನಾನು ಯಾರ ಮಾತನ್ನೂ ಕೇಳುವುದಿಲ್ಲ. ಪಾತ್ರೆಯೊಳಗೇ ಬಿಟ್ಟು ‘ತಾನಾಗಿ ಆರಲಿ’ ಎನ್ನುವುದು ಅಡುಗೆಮನೆಗಳ ಹಳೆಯ ಚಾಳಿ. ದಪ್ಪ ಪಿಂಗಾಣಿಯ ಪಾತ್ರೆ ಕಾವನ್ನು ಗಂಟೆಗಟ್ಟಲೆ ಹಿಡಿದಿಡುತ್ತದೆ. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಬೇಯಿಸಿದರೂ ಸಾಯುವುದಿಲ್ಲ, ನಿಧಾನವಾಗಿ ಆರುವ ಮಾಂಸದಲ್ಲಿ ಎಚ್ಚೆತ್ತು ಅತಿ ವೇಗವಾಗಿ ಬೆಳೆಯುತ್ತವೆ. ಬೇಯುವಾಗಿನ ಒಂಬತ್ತು ಗಂಟೆಗಿಂತ ಆರುವ ಈ ಹೊತ್ತೇ ನನಗೆ ಹೆಚ್ಚು ಭಯ. ಬಿಡಿಸಿದ ಮಾಂಸವನ್ನು ಎರಡು ಇಂಚಿಗಿಂತ ಕಡಿಮೆ ಆಳದ ಟ್ರೇಗಳಲ್ಲಿ ಹರಡಿ, ಐಸಿನ ಮೇಲಿಟ್ಟು, ಎರಡು ಗಂಟೆಯೊಳಗೆ 21 ಡಿಗ್ರಿಗೆ, ಮುಂದಿನ ನಾಲ್ಕು ಗಂಟೆಯೊಳಗೆ 5 ಡಿಗ್ರಿಗೆ ಇಳಿಸಬೇಕು. ರಸವನ್ನು ಬೇರೆ ಪಾತ್ರೆಯಲ್ಲಿ ಆರಿಸಬೇಕು. ಮರುದಿನ ಬಡಿಸುವ ಮುನ್ನ ಒಲೆಯ ಮೇಲೆ 75 ಡಿಗ್ರಿಗೆ ಏರಿಸಬೇಕು. ತಣ್ಣನೆಯ ಮಾಂಸವನ್ನು ಬಿಸಿ ಮಾಡಲು ಸ್ಲೋ ಕುಕ್ಕರ್ ಬಳಸಬಾರದು, ಅದು ಅಷ್ಟು ಬೇಗ ಕಾಯುವುದಿಲ್ಲ.

ಜೊತೆಗೆ ರಾಜ್ಮಾ ಬೇಕೆಂದು ಕೇಳುವವರೂ ಇದ್ದಾರೆ. ಅದನ್ನು ಹಸಿಯಾಗಿ ಇದೇ ಪಾತ್ರೆಗೆ ಸುರಿಯಬೇಡಿ. ಹಸಿ ರಾಜ್ಮಾದಲ್ಲಿರುವ ಲೆಕ್ಟಿನ್ ಎಂಬ ವಿಷಕಾರಿ ಅಂಶ ಚೆನ್ನಾಗಿ ಕುದಿಸಿದರೆ ಮಾತ್ರ ನಾಶವಾಗುತ್ತದೆ, ನಿಧಾನದ ಕಾವು ಅದಕ್ಕೆ ಸಾಲದೆ ಹೋಗಬಹುದು. ರಾತ್ರಿ ನೆನೆಹಾಕಿ, ನೀರು ಬದಲಿಸಿ, ಪ್ರೆಶರ್ ಕುಕ್ಕರಿನಲ್ಲಿ ಪೂರ್ತಿ ಬೇಯಿಸಿಯೇ ನಾವು ಮಾಂಸದ ರಸಕ್ಕೆ ಸೇರಿಸುತ್ತೇವೆ. ಭಾನುವಾರದ ಊಟಕ್ಕೆ ಬೇಕಾದವರು ಶನಿವಾರ ಸಂಜೆಯೊಳಗೆ ಹೇಳಬೇಕು ಎಂದು ಗಲ್ಲಾಪೆಟ್ಟಿಗೆಯ ಬಳಿ ಫಲಕ ಹಾಕಿದ್ದೇವೆ. ಮಧ್ಯಾಹ್ನ ಎರಡು ಗಂಟೆಗೆ ಬಂದು ಇನ್ನೊಂದು ತಟ್ಟೆ ಕೇಳಿದವರಿಗೆ ಪಂದಿ ಕರಿ ಇದೆ ಎನ್ನುತ್ತೇವೆ.