ಹಂಪನಕಟ್ಟೆಯಲ್ಲಿ ಕಟ್ಟೆ ಎಲ್ಲಿ?

ಅಮ್ಮನಿಗೆ ಕಣ್ಣಿನ ಪರೀಕ್ಷೆ ಮಾಡಿಸಿಕೊಂಡು ಹಂಪನಕಟ್ಟೆ ಸಿಗ್ನಲ್ ಹತ್ತಿರ ಬಂದಾಗ ಗಂಟೆ ಹನ್ನೊಂದೂವರೆ. 2021, ಇನ್ನೂ ಮಾಸ್ಕಿನ ಕಾಲ. ಮಂಗಳೂರಿನ ಸೆಕೆಗೆ ಮಾಸ್ಕೂ ಸೇರಿದರೆ ಕೇಳುವುದೇ ಬೇಡ. ಕಣ್ಣಿಗೆ ಹನಿ ಬಿಟ್ಟಿದ್ದರು, ಅಮ್ಮನಿಗೆ ಎದುರಿನದೆಲ್ಲ ಮಸುಕು. ನನ್ನ ತೋಳು ಹಿಡಿದುಕೊಂಡು, ಹರಡಿದ ಜಲ್ಲಿಯ ಮೇಲೆ ಕಾಲಿಡಲು ಜಾಗ ಹುಡುಕುತ್ತಾ ಬರುತ್ತಿದ್ದಳು.

ಆಗ ಪೇಟೆಯಿಡೀ ಹಾಗೇ ಇತ್ತು. 2016ರಲ್ಲಿ ಮಂಗಳೂರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಮೇಲೆ ಒಂದು ಕಡೆ ಅಗೆತ, ಇನ್ನೊಂದು ಕಡೆ ಇಂಟರ್‌ಲಾಕ್. ತೊಂಬತ್ತರ ದಶಕದಲ್ಲಿ ಕೆಡವಿದ್ದ ಗಡಿಯಾರ ಗೋಪುರದ ಬದಲಿಗೆ ಹೊಸದೊಂದು ಎದ್ದು ನಿಂತಿತ್ತು. ಬೇಡ ಅಂತ ಕೆಡವಿದ್ದನ್ನೇ ಮತ್ತೆ ದುಡ್ಡು ಹಾಕಿ ಕಟ್ಟಿದ್ದು ನೋಡಿ ನಾನು ನಕ್ಕಿದ್ದೆ. ಈಗ ಆ ಕಡೆ ಹೋದಾಗ ಗಂಟೆ ನೋಡಲು ತಲೆ ಎತ್ತುವವರಲ್ಲಿ ನಾನೂ ಒಬ್ಬ. ಅದನ್ನೂ ಹೇಳಬೇಕಲ್ಲ.

ನನ್ನ ತಕರಾರು ಫುಟ್‌ಪಾತಿನದು. ನಮ್ಮಲ್ಲಿ ನಾಲ್ಕು ತಿಂಗಳ ಮಳೆನೀರು ಚರಂಡಿಯಲ್ಲೇ ಹೋಗಬೇಕು. ಚರಂಡಿಯ ಮೇಲೆ ಚಪ್ಪಡಿ, ಚಪ್ಪಡಿಯ ಮೇಲೆ ಫುಟ್‌ಪಾತ್. ಹಾಗಾಗಿ ಅದು ರಸ್ತೆಯಿಂದ ಮೊಣಕಾಲಿನ ಹತ್ತಿರಕ್ಕೆ ಏರಿರುತ್ತದೆ. ಪ್ರತಿ ಅಂಗಡಿಯ ಗೇಟಿಗೆ ಇಳಿಯಬೇಕು, ಮತ್ತೆ ಹತ್ತಬೇಕು. ಮಂಡಿ ನೋವಿನ ಅಮ್ಮ ಎರಡು ಸಲ ಹತ್ತಿ ಇಳಿದವಳು ಮೂರನೇ ಸಲಕ್ಕೆ, "ನಾನು ರಸ್ತೆಯಲ್ಲೇ ಬರ್ತೇನೆ ಮಾರಾಯ" ಅಂದುಬಿಟ್ಟಳು. ಬಸ್ಸುಗಳ ನಡುವೆ!

ಸಿಗ್ನಲ್ ಹತ್ತಿರ ಜನ ಸೇರಿದ್ದರು. ಆಕ್ಸಿಡೆಂಟೋ ಏನೋ ಅಂದುಕೊಂಡೆ.

"ಬಾವಿ ಸಿಕ್ಕಿದೆಯಂತೆ ಮಾರಾಯ್ರೆ" ಎಂದರು ಪಕ್ಕದಲ್ಲಿದ್ದ ರಿಕ್ಷಾದವರು. "ಇಷ್ಟು ವರ್ಷ ಇದರ ಮೇಲೆಯೇ ಬಾಡಿಗೆ ಹೊಡೆದದ್ದು ನಾವು."

ಜಂಕ್ಷನ್ ಕೆಲಸಕ್ಕೆ ಅಗೆಯುವಾಗ ಹಳೇ ಕಾಂಕ್ರೀಟ್ ಮುಚ್ಚಳದ ಅಡಿಯಲ್ಲಿ ದೊಡ್ಡ ಬಾವಿ! ನಾನು ಕುತ್ತಿಗೆ ಚಾಚಿ ನೋಡಿದೆ. ಕೆಳಗೆ ಕತ್ತಲು. ಕತ್ತಲ ತಳದಲ್ಲಿ ನೀರು ಮಿನುಗಿದ ಹಾಗಾಯಿತು. ಮೇಲೆ ಹಾರ್ನು, ಹೊಗೆ, ಟ್ರಾಫಿಕ್ ಪೊಲೀಸರ ಸೀಟಿ. ಇವುಗಳ ಅಡಿಯಲ್ಲಿ ಒಂದು ಬಾವಿ ಸುಮ್ನೆ ಇತ್ತಲ್ಲ ಇಷ್ಟು ಕಾಲ.

ಕಣ್ಣು ಕಾಣದ ಅಮ್ಮನಿಗೆ ನಾನೇ ವರ್ಣನೆ ಮಾಡಿದೆ. ಅವಳಿಗೆ ಆಶ್ಚರ್ಯವೇ ಆಗಲಿಲ್ಲ. "ಅಪ್ಪಣ್ಣನ ಬಾವಿ ಇರಬೇಕು" ಅಂದಳು. ಹಿಂದೆ ಅಪ್ಪಣ್ಣ ಎನ್ನುವವರು ಇಲ್ಲಿ ಬಾವಿಯ ಬದಿಯ ಕಟ್ಟೆಯಲ್ಲಿ ಕೂತು ದಾರಿಹೋಕರಿಗೆ ಬೆಲ್ಲ, ನೀರು ಕೊಡುತ್ತಿದ್ದರಂತೆ. ಅಪ್ಪಣ್ಣನ ಕಟ್ಟೆ ಎನ್ನುವುದೇ ಬಾಯಿಂದ ಬಾಯಿಗೆ ಹಂಪನಕಟ್ಟೆ ಆಯಿತು ಅಂತ ಊರವರು ಹೇಳುವುದುಂಟು. ಅಮ್ಮ ಸಣ್ಣವಳಿದ್ದಾಗ ಬಸ್‌ಸ್ಟ್ಯಾಂಡ್ ಇದ್ದದ್ದೂ ಇಲ್ಲಿಯೇ. ಬಸ್ಸಿಗೆ ಕಾಯುವಾಗ ಅಜ್ಜ ಈ ಕತೆ ಹೇಳಿದ್ದರಂತೆ. ನಂತರ ಬಸ್ಸುಗಳು ಸ್ಟೇಟ್‌ಬ್ಯಾಂಕ್ ಕಡೆಗೂ ಬಿಜೈಗೂ ಹೋದವು.

ಕತೆ ಮುಗಿಸಿದವಳೇ, "ಕಟ್ಟೆ ಎಲ್ಲುಂಟು? ಸ್ವಲ್ಪ ಕೂತ್ಕೊಳ್ತೇನೆ" ಅಂದಳು.

ನಾನು ಸುತ್ತ ನೋಡಿದೆ. ಕಬ್ಬಿಣದ ಬ್ಯಾರಿಕೇಡ್, ಇಂಟರ್‌ಲಾಕ್ ಕಲ್ಲಿನ ರಾಶಿ, ಸಿಗ್ನಲ್ ಕಂಬ. ನಾವು ನಿಂತ ಕಡೆ ಅಂಗೈ ಅಗಲದ ನೆರಳಿಲ್ಲ. ಕೊನೆಗೆ ಮೊಬೈಲ್ ಕವರ್ ಮಾರುವ ಹುಡುಗ ತಾನು ಕೂತಿದ್ದ ಪ್ಲಾಸ್ಟಿಕ್ ಸ್ಟೂಲ್ ತಂದಿಟ್ಟ. "ಕೂತ್ಕೊಳ್ಳಿ ಅಮ್ಮ" ಎಂದು ತನ್ನ ನೀರಿನ ಬಾಟ್ಲಿಯನ್ನೂ ಕೊಟ್ಟ. ಅಮ್ಮ ಮಾಸ್ಕ್ ಇಳಿಸಿ, ಬಾಟ್ಲಿ ಎತ್ತಿ ಹಿಡಿದು ಕುಡಿದಳು.

"ಬೆಲ್ಲ ಇಲ್ವಾ ಮಗಾ?"

ಅವನಿಗೆ ಅರ್ಥವಾಗಲಿಲ್ಲ. ಆದರೂ ನಕ್ಕ. ಹತ್ತು ನಿಮಿಷ ಅವನು ನಿಂತೇ ವ್ಯಾಪಾರ ಮಾಡಿದ.

ಬಾವಿಯನ್ನು ಮತ್ತೆ ಮುಚ್ಚಿಬಿಡುತ್ತಾರೆ ಅಂತ ನಾನು ಪಂದ್ಯ ಕಟ್ಟಲೂ ತಯಾರಿದ್ದೆ. ಕಟ್ಟಿದ್ದರೆ ಸೋಲುತ್ತಿದ್ದೆ. ಬಾವಿ ಉಳಿಯಿತು, ಅದಕ್ಕೆ ಚಿತ್ರಗಳನ್ನೂ ಬರೆಸಿದರು. ಆ ಕಡೆ ಹೋದಾಗ ಒಂದು ಫೋಟೋ ತೆಗೆದು ಅಮ್ಮನಿಗೆ ಕಳಿಸಿದೆ. ಅಷ್ಟರಲ್ಲಿ ಅವಳ ಕಣ್ಣಿನ ಆಪರೇಷನ್ ಆಗಿತ್ತು. ಫೋಟೋ ದೊಡ್ಡದು ಮಾಡಿ ಮೂಲೆ ಮೂಲೆ ನೋಡಿರಬೇಕು, ತಡವಾಗಿ ಫೋನ್ ಬಂತು.

"ಚಂದ ಉಂಟು. ಕೂರ್ಲಿಕ್ಕೆ ಎಲ್ಲಿ?"